ಒಲೆ ಕೋಣೆಯಲ್ಲಿದ್ದವನ ಹೆಸರು

ಡಿಸೆಂಬರ್ 1, ಭಾನುವಾರ. ಬೆಳಿಗ್ಗೆ 5.40

ಒಲೆ ಹೊತ್ತಿಕೊಂಡಿತು. ಮೂರನೇ ಕಡ್ಡಿಗೆ. ಬೂದಿ ಎರಡು ಬಕೆಟ್. ಹೆಬ್ಬೆರಳು ಸ್ವಲ್ಪ ಸುಟ್ಟಿದೆ, ಇತಿಹಾಸಕಾರರು ಗಮನಿಸಬೇಕು.

ಈ ಲೂಥರನ್ ಸಭೆಯ ಒಲೆಪಾಲಕಿಯೂ ಘಂಟಾಧಿಕಾರಿಣಿಯೂ ಆದ ನಾನು ವಾರದ ಆರು ದಿನ ಜೆರಾಕ್ಸ್ ಅಂಗಡಿಯಲ್ಲಿ, ಏಳನೇ ದಿನ ಇಲ್ಲಿ. ವಯಸ್ಸು ಇಪ್ಪತ್ತು. ಆಸ್ಥಾನ: ಚರ್ಚಿನ ಹಿಂದೆ, ಗೋಪುರದ ಕೆಳಗಿನ ಹತ್ತಡಿ ಕೋಣೆ. ಸಿಂಹಾಸನ: ಮರದ ಪೆಟ್ಟಿಗೆ. ಎಡಗಡೆ ಚರ್ಚನ್ನು ಬೆಚ್ಚಗಿಡುವ ಕಬ್ಬಿಣದ ಒಲೆ, ಅದರ ಕೊಳವೆ ಗೋಡೆ ತೂರಿ ಬೆಂಚುಗಳ ಕಡೆಗೆ; ಬಲಗಡೆ ಮೇಲಿನಿಂದ ಇಳಿದ ಗಂಟೆಯ ಹಗ್ಗ. ಹುದ್ದೆ ವಂಶಪಾರಂಪರ್ಯ. ಮಾರ್ಚ್ ತನಕ ಅಪ್ಪನದು.

ಮಧ್ಯಾಹ್ನ

ಕ್ರಿಸ್ಮಸ್‌ಗೆ ಕಾಯುವ ನಾಲ್ಕು ವಾರಗಳ ಅಡ್ವೆಂಟ್, ಅದರ ಮೊದಲ ವಾರ, ಮೊದಲ ಮೇಣದಬತ್ತಿ. ಎಲ್ಲರೂ ಗಂಭೀರ. ಹಾಗಾಗಿ ಪ್ರಸಂಗದ ನಂತರದ ಹಾಡಿನ ನಂಬರನ್ನು ಹಲಗೆಯ ಮೇಲೆ ನಾನು ಬದಲಾಯಿಸಿದ್ದೆ. ಸುಗ್ಗಿಯ ಹಾಡು. ನಮ್ಮ ಸಭೆಯವರು ಪಾಸ್ಟರ್ ಮಾತು ಮೀರಿಯಾರು, ಹಲಗೆಯ ಮಾತು ಮೀರಲಾರರು. ಚಳಿಗೆ ಬಾಯಿಂದ ಹೊಗೆ ಬಿಡುತ್ತಾ, ಕೈಗವಸು ಹಾಕಿಕೊಂಡು, ಹೊಂಬಣ್ಣದ ಗೋಧಿ ತೆನೆಗಳಿಗಾಗಿ ಐದು ಚರಣ ಸ್ತೋತ್ರ ಸಲ್ಲಿಸಿದರು. ಒಬ್ಬರೂ ನಿಲ್ಲಿಸಲಿಲ್ಲ. ನಾಲ್ಕನೇ ಚರಣಕ್ಕೆ ಪಾಸ್ಟರ್ ಹುಬ್ಬು ಮೇಲೆ ಹೋಗಿದ್ದು ಇನ್ನೂ ಇಳಿದಿಲ್ಲ.

ಸಮಿತಿಯ ಕಾರ್ಯದರ್ಶಿ, ಸಭೆಯ ಸದಸ್ಯರ ಲೆಕ್ಕ ಬರೆಯುವ ನಮ್ಮ ರಿಜಿಸ್ಟರ್ ಮಾವ, ತಿರುಗಿ ಒಲೆ ಕೋಣೆಯ ಕಡೆ ನೋಡಿದರು. ಪರಮ ಭಕ್ತಿಯಿಂದ ಒಂದು ಸೌದೆ ಹಾಕಿದೆ.

ಡಿಸೆಂಬರ್ 3, ಮಂಗಳವಾರ

ರಿಜಿಸ್ಟರ್ ಮಾವ ಅಂಗಡಿಗೆ ಬಂದಿದ್ದರು. ಮೂವತ್ತೊಂದರ ಸಂಜೆ ಆರಾಧನೆಯ ಪಟ್ಟಿ, ಐವತ್ತು ಕಾಪಿ. ಪ್ರತಿ ವರ್ಷ ಇದ್ದದ್ದೇ — ಆ ವರ್ಷ ದೀಕ್ಷಾಸ್ನಾನ ಆದವರು, ಮದುವೆ ಆದವರು, ತೀರಿಹೋದವರು. ತೀರಿಹೋದವರ ಹೆಸರು ಒಂದೊಂದಾಗಿ ಓದುವುದು, ಒಂದೊಂದು ಹೆಸರಿಗೆ ಒಂದು ಗಂಟೆ.

ಒಂಬತ್ತು ಹೆಸರು. ಮೂರು ಸಲ ಓದಿದೆ. ಒಂಬತ್ತೇ.

"ಮಾವ, ಒಂದು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ. ರಿಜಿಸ್ಟರಲ್ಲಿ ಹೇಗಿದ್ಯೋ ಹಾಗೆ."

"ಅಪ್ಪ ತೀರ್ಕೊಂಡಿದ್ದು ಈ ವರ್ಷಾನೇ. ಹೂಳೋಕೆ ನೀವೂ ಬಂದಿದ್ರಿ."

"ಬಂದಿದ್ದೆ. ಅದು ಬೇರೆ. ಮೂರು ವರ್ಷ ಪ್ರಭುಭೋಜನ ತಗೊಳ್ದೋರ ಹೆಸರು ಪಟ್ಟಿಯಿಂದ ತೆಗೀತೀವಮ್ಮ. ನಿಯಮ. ನಿಮ್ಮಪ್ಪಂದು ಒಂದೇ ಒಂದು ಗುರುತು ಇಲ್ಲ." ಕನ್ನಡಕ ಒರೆಸಿಕೊಂಡರು. "ಒಂದೇ ಕಡೆ ಪ್ರಿಂಟ್ ಸಾಕು."

ಯಂತ್ರ ಐವತ್ತು ಸಲ ಅಪ್ಪನನ್ನು ಬಿಟ್ಟುಬಿಟ್ಟಿತು. ನಿಂತು ನೋಡಿದೆ. ಕೈಯಾರೆ ಜೋಡಿಸಿ, ಅಂಚು ತಟ್ಟಿ, ಕ್ಲಿಪ್ ಹಾಕಿ ಕೊಟ್ಟೆ. ಥ್ಯಾಂಕ್ಸ್ ಅಂದರು. ಥ್ಯಾಂಕ್ಸ್ ಅಂತೆ.

ಡಿಸೆಂಬರ್ 4

ನಿದ್ದೆ ಇಲ್ಲ. ಬರೆದಿಡುತ್ತೇನೆ, ತಲೆ ಸಿಡಿಯುವ ಮುಂಚೆ.

ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಜನ ಸಾಲಾಗಿ ಮುಂದೆ ಹೋಗುತ್ತಾರೆ. ರಿಜಿಸ್ಟರ್ ಮಾವ ಪಕ್ಕದಲ್ಲಿ ಕೂತು ಹೆಸರಿಗೆ ಗುರುತು ಹಾಕುತ್ತಾರೆ. ಆ ಹೊತ್ತಿಗೆ ಅಪ್ಪ ಎಲ್ಲಿ? ಹಗ್ಗದ ಹತ್ತಿರ. ಚಳಿಗಾಲದಲ್ಲಿ ಹಗ್ಗ ಮತ್ತು ಒಲೆ ಎರಡರ ಹತ್ತಿರ. ಆರಾಧನೆ ಮುಗಿದು ಎಲ್ಲರೂ ಹೊರಗೆ ಕೈ ಕುಲುಕುತ್ತಿರುವಾಗ ಹಳೆಯ ಪಾಸ್ಟರ್ ತಟ್ಟೆ, ಬಟ್ಟಲು ಹಿಡಿದು ಹಿಂದೆ ಬರುತ್ತಿದ್ದರು. ಅಪ್ಪ ಇದೇ ಪೆಟ್ಟಿಗೆಯ ಪಕ್ಕ ಮೊಣಕಾಲೂರುತ್ತಿದ್ದ. ನಾನೇ ನೋಡಿದ್ದೇನೆ. ಎಷ್ಟೋ ಸಲ. ಆಗ ರಿಜಿಸ್ಟರ್ ಬೀರುವಿನೊಳಗೆ ಹೋಗಿ ಬೀಗ ಬಿದ್ದಿರುತ್ತಿತ್ತು.

ಹಳೆಯ ಪಾಸ್ಟರ್ ಹೋದ ವರ್ಷ ನಿವೃತ್ತರಾಗಿ ತಂಗಿ ಮನೆಗೆ ಹೋದರು. ಹೊಸಬರು ಬಂದದ್ದು ಜೂನಿನಲ್ಲಿ. ಅಪ್ಪ ಹೋದದ್ದು ನಡುವೆ. ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ ಹೋಗಿಬಿಟ್ಟ, ಅವನ ಅಭ್ಯಾಸವೇ ಹಾಗೆ.

ಅಮ್ಮನಿಗೆ ಹೇಳಿದೆ. ಮೂವತ್ತೊಂದಕ್ಕೆ ಅಂತಲೇ ಕಪ್ಪು ಸ್ವೆಟರ್ ಹೆಣೆಯುತ್ತಿದ್ದಾಳೆ. ಕಡ್ಡಿ ನಿಲ್ಲಲಿಲ್ಲ.

"ಓದಲ್ವಂತಾ?"

"ಇಲ್ವಂತೆ."

ಒಂದು ಸಾಲು ಪೂರ್ತಿ ಹೆಣೆದಳು. "ಇನ್ನೊಂದು ತೋಳು ಬಾಕಿ ಇದೆ."

ಡಿಸೆಂಬರ್ 8, ಭಾನುವಾರ

ಎರಡನೇ ಮೇಣದಬತ್ತಿ. ಪಾಸ್ಟರ್ ಹತ್ತಿರ ಹೋದೆ. ಒಳ್ಳೆ ಮನುಷ್ಯ, ಚಿಕ್ಕ ವಯಸ್ಸು, ರಿಜಿಸ್ಟರ್ ಮಾವ ಕೆಮ್ಮಿದರೆ ಪುಟ ತಿರುಗಿಸುತ್ತಾರೆ. ಎಲ್ಲ ಹೇಳಿದೆ. ಒಂದೂ ಜೋಕ್ ಹಾಕದೆ ಹೇಳಿದೆ, ಜೀವನದಲ್ಲಿ ಮೊದಲ ಸಲ.

"ಇದೂ ಗೋಧಿ ತೆನೆ ಥರದ್ದೇನಾ?" ಅಂದರು.

ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು. ಬೇಸರ ಅವರ ಮೇಲಲ್ಲ. ಹಲಗೆ ಬದಲಾಯಿಸಿದ ಕೈ ಮೇಲೆ. ಇಲ್ಲ — ಸುಳ್ಳು. ಅವರ ಮೇಲೂ.

"ದಾಖಲೆ ಏನಾದ್ರೂ ಇದ್ರೆ ಸಮಿತಿ ಮುಂದೆ ಇಡಬಹುದು..."

ದಾಖಲೆ. ಇಪ್ಪತ್ತೆರಡು ವರ್ಷ ಇವರ ಬೆನ್ನು ಬೆಚ್ಚಗಿಟ್ಟವನಿಗೆ ದಾಖಲೆ. ರಿಜಿಸ್ಟರ್ ಮಾವ ಕೂರುವುದೇ ಒಲೆ ಕೊಳವೆ ಪಕ್ಕದ ಬೆಂಚಿನಲ್ಲಿ. ಕೋಟು ಬಿಚ್ಚಿಡುತ್ತಾರೆ, ಅಷ್ಟು ಸೆಕೆ ಅವರಿಗೆ.

ಹಳೆಯ ಪಾಸ್ಟರಿಗೆ ಪತ್ರ ಹಾಕಿದೆ. ಹಲಗೆ ಮುಟ್ಟಲಿಲ್ಲ.

ಡಿಸೆಂಬರ್ 19

ಉತ್ತರ ಬಂತು. ನಡುಗುವ ಅಕ್ಷರ, ಸಾಲುಗಳೆಲ್ಲ ಕೆಳಗೆ ಜಾರಿವೆ. "ನಿನ್ನ ತಂದೆಗೆ ಪ್ರತಿ ಸಲವೂ ನಾನೇ ಕೊಟ್ಟಿದ್ದೇನೆ. ಅವನ ಕೈ ತುಂಬ ಮಸಿ ಇರುತ್ತಿತ್ತು, ರೊಟ್ಟಿ ಮುಟ್ಟಲು ನಾಚುತ್ತಿದ್ದ. ಅದಕ್ಕೆ ಅವನೊಬ್ಬನಿಗೆ ಬಾಯಿಗೇ ಇಡುತ್ತಿದ್ದೆ. ಬರೆಸಬೇಕು ಎಂದು ನನಗೆ ಹೊಳೆಯಲೇ ಇಲ್ಲ. ತಪ್ಪು ನನ್ನದು."

ಅಮ್ಮ ಎರಡು ಸಲ ಓದಿಸಿದಳು. ಮಸಿಯ ಸಾಲು ಬಂದಾಗ ಎದ್ದು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು.

ಡಿಸೆಂಬರ್ 20

"ಪತ್ರ ಪತ್ರಾನೇ, ರಿಜಿಸ್ಟರ್ ರಿಜಿಸ್ಟರೇ" ಅಂದರು ರಿಜಿಸ್ಟರ್ ಮಾವ. "ಅವರಿಗೆ ಎಂಬತ್ತಾಯ್ತು. ನನಗೂ ಪಾಪ ಅನ್ಸುತ್ತೆ. ಆದ್ರೆ ಒಬ್ಬರಿಗೆ ಮಾಡಿದ್ರೆ ನಾಳೆ ಎಲ್ಲರೂ ಪತ್ರ ತರ್ತಾರೆ."

"ತರಲಿ ಬಿಡಿ."

"ನಿನಗೆ ಎಲ್ಲಾ ಆಟ."

ಆಟ ಆಗಿದ್ದಿದ್ದರೆ ಈ ಹೊತ್ತಿಗೆ ಅವರ ಕೋಟಿನ ಜೇಬು ತುಂಬ ಬೂದಿ ಇರುತ್ತಿತ್ತು.

ಡಿಸೆಂಬರ್ 25

ಕ್ರಿಸ್ಮಸ್. ಗಂಟೆ ಬಾರಿಸಿದೆ. ಎಲ್ಲರೂ ಖುಷಿ. ಬರೆಯಲು ಮನಸ್ಸಿಲ್ಲ.

ಡಿಸೆಂಬರ್ 31, ಮಧ್ಯಾಹ್ನ 2.00

ತೀರ್ಮಾನ ಆಯಿತು. ಇವತ್ತು ಒಲೆ ಹಚ್ಚುವುದಿಲ್ಲ. ರಾಜಾಜ್ಞೆ. ಒಂದೂವರೆ ಗಂಟೆ ಕೂತು ನಡುಗಲಿ. ಕಡ್ಡಿಪೆಟ್ಟಿಗೆ ನನ್ನ ಜೇಬಿನಲ್ಲಿದೆ.

3.30

ಅಮ್ಮ ಒಲೆ ಕೋಣೆಗೆ ಬಂದಳು. ಕಪ್ಪು ಸ್ವೆಟರ್, ಎರಡೂ ತೋಳು. ತಣ್ಣಗಿದ್ದ ಒಲೆಯ ಮೇಲೆ ಕೈ ಇಟ್ಟು ನೋಡಿದಳು. ಬೈಯಲಿಲ್ಲ.

"ಕೊಡು ಕಡ್ಡಿಪೆಟ್ಟಿಗೆ."

"ಕೊಡಲ್ಲ."

"ಚಳೀಲಿ ಕೂತೋರಿಗೆ ನಿಮ್ಮಪ್ಪ ನೆನಪಾಗಲ್ಲ ಕಣೇ. ಚಳಿ ಒಂದೇ ನೆನಪಾಗೋದು."

ನನ್ನ ಜೇಬಿನಿಂದ ಕಡ್ಡಿಪೆಟ್ಟಿಗೆ ಎಳೆದುಕೊಂಡು ತಾನೇ ಬಗ್ಗಿ ಹಚ್ಚಿದಳು. ಮೊದಲನೇ ಕಡ್ಡಿಗೆ ಹೊತ್ತಿತು. ಆಮೇಲೆ ಹಗ್ಗದ ಕಡೆ ನೋಡಿ: "ಇವತ್ತು ಒಂಬತ್ತೇ ಹೊಡೀಬೇಕು. ಕದ್ದು ಹತ್ತನೇದು ಹೊಡೆದ್ರೆ ಇದೂ ನಿನ್ನ ತಮಾಷೆ ಅಂತಾರೆ. ನಿಮ್ಮಪ್ಪನ ಹೆಸರು ತಮಾಷೆ ಆಗೋದು ಬೇಡ. ಮಾತು ಕೊಡು."

ಕೊಟ್ಟೆ. ಹಲ್ಲು ಕಚ್ಚಿಕೊಂಡು ಕೊಟ್ಟೆ.

ಸಂಜೆ 7.15

ಹಗ್ಗ ಕಟ್ಟಿಟ್ಟು, ಪೆಟ್ಟಿಗೆ ಮೇಲೆ ಕೂತು ಬರೆಯುತ್ತಿದ್ದೇನೆ.

ಪಾಸ್ಟರ್ ಪಟ್ಟಿ ಓದಿದರು. ಹೆಸರು, ಗಂಟೆ. ಹೆಸರು, ಗಂಟೆ. ಬಾಗಿಲ ಸಂದಿಯಿಂದ ನೋಡುತ್ತಾ ಎಳೆದೆ. ಎಂಟು. ಒಂಬತ್ತು. ಹಗ್ಗ ಬಿಡಲು ಕೈ ಬರಲಿಲ್ಲ. ಪಾಸ್ಟರ್ ಪಟ್ಟಿ ಮಡಚಿ ಪುಸ್ತಕಕ್ಕೆ ಕೈ ಹಾಕಿದರು.

ಆಗ ಅಮ್ಮ ಎದ್ದು ನಿಂತಳು. ನಾಲ್ಕನೇ ಬೆಂಚು. ಜೀವಮಾನದಲ್ಲಿ ಈ ಚರ್ಚಿನಲ್ಲಿ ಹಾಡಿಗೆ ಬಿಟ್ಟು ಬೇರೆ ಯಾತಕ್ಕೂ ಬಾಯಿ ತೆರೆದವಳಲ್ಲ. ಊಟಕ್ಕೆ ಕರೆಯುವ ದನಿಯಲ್ಲಿ ಅಪ್ಪನ ಹೆಸರು ಹೇಳಿದಳು. ಪೂರ್ತಿ ಹೆಸರು. ಆಮೇಲೆ, "ಹಿಂದಿನ ಕೋಣೇಲಿ ಇದ್ರು. ಪ್ರತಿ ಭಾನುವಾರ ನೀವೆಲ್ಲ ಗಂಟೆ ಕೇಳಿಸ್ಕೊಂಡ್ರಲ್ಲ, ಅದು ಅವರೇ."

ಕೂರಲಿಲ್ಲ. ನಿಂತೇ ಇದ್ದಳು.

ಯಾರೂ ನಗಲಿಲ್ಲ. ನಾನು ನಿಂತಿದ್ದರೆ ನಗುತ್ತಿದ್ದರು. ಒಲೆಯಲ್ಲಿ ಸೌದೆ ಚಟಪಟ ಅಂದದ್ದು ಇಡೀ ಸಭೆಗೆ ಕೇಳಿಸಿತು. ರಿಜಿಸ್ಟರ್ ಮಾವ ಅಂಗಿಯಲ್ಲಿ ಕೂತಿದ್ದರು, ಕೋಟು ಪಕ್ಕದಲ್ಲಿ ಮಡಚಿ. ಕೋಟು ನೋಡಿಕೊಂಡರು. ಕೊಳವೆ ನೋಡಿದರು.

ಮಾವನ ಕಡೆ ಪಾಸ್ಟರ್ ನೋಡಲಿಲ್ಲ. ಅಪ್ಪನ ಹೆಸರು ಹೇಳಿದರು. ಹೇಳಿ, ನೇರ ನನ್ನ ಬಾಗಿಲ ಕಡೆ ನೋಡಿದರು.

ಕದ್ದು ಅಲ್ಲ. ಎರಡೂ ಕೈಯಲ್ಲಿ ಎಳೆದೆ, ಕಾಲು ನೆಲ ಬಿಡುವ ಹಾಗೆ.

ಜನವರಿ 1. ಬೆಳಿಗ್ಗೆ 6.10, ಒಲೆ ಕೋಣೆ

ಎರಡನೇ ಕಡ್ಡಿಗೆ ಹೊತ್ತಿತು. ಸುಧಾರಣೆ.

ಬಾಗಿಲು ಬಡಿದರು. ರಿಜಿಸ್ಟರ್ ಮಾವ. ಕಂಕುಳಲ್ಲಿ ದಪ್ಪ ರಿಜಿಸ್ಟರುಗಳು, ಮೂರು ವರ್ಷದವು. ಒಲೆ ಕೋಣೆಯೊಳಗೆ ಅವರು ಕಾಲಿಟ್ಟದ್ದು ನನಗೆ ತಿಳಿದಂತೆ ಇದೇ ಮೊದಲು. ಕೂರಲು ಜಾಗ ಹುಡುಕಿದರು. ಪೆಟ್ಟಿಗೆ ಬಿಟ್ಟುಕೊಡಲಿಲ್ಲ ನಾನು. ಸೌದೆ ರಾಶಿ ಮೇಲೆ ಕೂತರು.

"ತಾರೀಖು ಹೇಳು" ಅಂದರು. "ತಾರೀಖಿಲ್ದೆ ಗುರುತು ಹಾಕೋಕಾಗಲ್ಲ."

ಕ್ಷಮೆ ಕೇಳಲಿಲ್ಲ. ಅವರಿಗೆ ಆ ಭಾಷೆ ಬರುವುದಿಲ್ಲ. ನಾನೂ ಕ್ಷಮಿಸಿಲ್ಲ, ಇಲ್ಲಿ ಸ್ಪಷ್ಟವಾಗಿ ನಮೂದಿಸುತ್ತೇನೆ.

"ನೀವು ಯಾವ್ಯಾವ ಭಾನುವಾರ ಗಂಟೆ ಕೇಳಿದ್ರಿ ಮಾವ?"

ಪೆನ್ನಿನ ಮುಚ್ಚಳ ತೆಗೆದರು. "ಎಲ್ಲಾ ಭಾನುವಾರ."

"ಬರ್ಕೊಳ್ಳಿ ಹಂಗಾದ್ರೆ."

ಬರೆಯುತ್ತಿದ್ದಾರೆ. ಪ್ರಭುಭೋಜನ ಇದ್ದ ದಿನಗಳನ್ನು ಬೆರಳಿಟ್ಟು ಹುಡುಕಿ, ಒಂದೊಂದಾಗಿ. ಬೆವರುತ್ತಿದ್ದಾರೆ, ಇಲ್ಲಿ ಒಲೆ ತೀರಾ ಹತ್ತಿರ. ಕಿಟಕಿ ತೆಗೆಯಲಾ ಅಂತ ನಾನು ಕೇಳಿಲ್ಲ. ಪುಟದಂಚಿಗೆ ಮಸಿ ಹತ್ತಿತು. ಒರೆಸಲು ಹೋಗಿ, ಬಿಟ್ಟರು. ಎರಡನೇ ವರ್ಷದ ಈಸ್ಟರ್ ತನಕ ಬಂದಿದ್ದಾರೆ. ಈಗ ಪೆನ್ನು ಜಾಡಿಸುತ್ತಿದ್ದಾರೆ. ಇಂಕ್ ಮುಗಿಯಿತಂತೆ. ನನ್ನ ಪೆನ್ನು ಕೇಳುತ್ತಿದ್ದಾರೆ. ಕೊಡುತ್ತಿ—