ಹಿಮದ ಕೊಂಬೆಯ ಹಾಡುಹಕ್ಕಿಗಳು

ಫೆಬ್ರವರಿ ೧೧

ಮುದ್ದು ಚಿನ್ನಿಗೆ,

ಪಾಪು ಮೈ ತುಂಬಿಕೊಂಡು ನಿನ್ನ ನಿದ್ದೆಗೆ ಕನ್ನ ಹಾಕುತ್ತಿದ್ದಾನೆಂದು ತಿಳಿದು ಈ ಅಕ್ಕನಿಗೆ ನೆಮ್ಮದಿಯಾಯಿತು. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕೂತದ್ದಕ್ಕೆ ಬೇಕಾದಷ್ಟು ಬೈದುಕೋ. ಪೆನ್ನು ಹಿಡಿದಾಗಲೆಲ್ಲ ಹಾಗೇ ಕೆಳಗಿಡುತ್ತಿದ್ದೆ.

ಅಪ್ಪನ ಹಕ್ಕಿ ಚಿತ್ರವನ್ನು ತೊಟ್ಟಿಲ ಪಕ್ಕದ ಗೋಡೆಗೆ ಹಾಕಬೇಕೆಂದು ಕೇಳಿದ್ದೆಯಲ್ಲ, ಹಿಮ ಕವಿದ ಕೊಂಬೆಯ ಮೇಲೆ ಕೊಕ್ಕು ತೆರೆದು ಹಾಡುವ ಐದು ಹಕ್ಕಿಗಳು. ಗಾಜು ಬಿರುಕು ಬಿಟ್ಟಿತ್ತೆಂದು ಕಟ್ಟು ಹಾಕುವ ಅಜ್ಜನನ್ನು ಕರೆಸಿದೆ. ನಲವತ್ತು ವರ್ಷ ಅಪ್ಪನ ಚಿತ್ರಗಳಿಗೆಲ್ಲ ಕಟ್ಟು ಹಾಕಿದವರು ಅವರೇ. ಅವರು ಗಾಜು ಬಿಡಿಸುತ್ತಿದ್ದರು, ನಾನು ಅಪ್ಪ ಹೋದಮೇಲೆ ಮುಟ್ಟದೆ ಬಿಟ್ಟಿದ್ದ ಅವರ ಕಪಾಟು ಖಾಲಿ ಮಾಡುತ್ತಿದ್ದೆ. ತಳದಲ್ಲೊಂದು ತಗಡಿನ ಪೆಟ್ಟಿಗೆ. ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ, ಅದರಡಿಯಿಂದ ಇನ್ನೊಂದು ವಾಸನೆ. ಒಣಗಿ ಮುರುಟಿದ ಹಕ್ಕಿಗಳು ಚಿನ್ನೀ. ಕತ್ತಿನಿಂದ ಬಾಲದವರೆಗೆ ತಂತಿ, ಕಾಲಿಗೆ ದಾರ, ತೆರೆದ ಕೊಕ್ಕಿನ ನಡುವೆ ಬೆಂಕಿಕಡ್ಡಿಯ ಚೂರು.

ಅಜ್ಜ ಟೀ ಕುಡಿಯುತ್ತಲೇ ಹೇಳಿದರು: "ಜೀವ ಇರೋ ಹಕ್ಕಿ ಅಲುಗಾಡದೆ ಕೂರುತ್ತೇನಮ್ಮ? ಕತ್ತು ಹಿಚುಕಿದ್ರೆ ಗರಿ ಕೆಡುತ್ತೆ ಅಂತ ನಿಮ್ಮಪ್ಪ ಡಬ್ಬಿಗೆ ಹಾಕಿ ಉಸಿರು ಕಟ್ಟೋ ತನಕ ಮುಚ್ಚಿಡೋರು. ಆ ಹಿಮ ಇದೆಯಲ್ಲ, ಅದು ಉಪ್ಪು. ನಾತ ಬರಬಾರದು ಅಂತ ಸುರೀತಿದ್ರು."

ಆಮೇಲೆ ಹೊಸ ಗಾಜು ಕೂರಿಸಿ ಒರೆಸಿ, ಎಂಥ ಕೈ ನಿಮ್ಮಪ್ಪನದು ಎಂದು ಮೆಚ್ಚಿಕೊಂಡರು.

ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಇರುವೆಯನ್ನೂ ತುಳಿಯದ ಮನುಷ್ಯ ಎಂದು ಊರೆಲ್ಲ ಹೊಗಳುತ್ತಿತ್ತು. ಆ ಬೆರಳುಗಳೇ ನಮ್ಮಿಬ್ಬರ ಬಾಯಿಗೆ ತುತ್ತಿಟ್ಟಿದ್ದು ಎಂದು ನೆನೆದರೆ ನಾಲಿಗೆಯೇ ಬೇಡವೆನಿಸುತ್ತದೆ. ಪೆಟ್ಟಿಗೆಯನ್ನು ಹಿತ್ತಲಲ್ಲಿ ಹೂತೆ. ಚಿತ್ರವನ್ನು ಒಲೆಗೆ ಹಾಕಿದೆ. ಬಣ್ಣ ಸುಡುವ ಹೊಗೆಗೂ ಹೇಸಿ ಮೂಗು ಮುಚ್ಚಿಕೊಂಡೆ. ನಿನ್ನನ್ನೊಂದು ಮಾತು ಕೇಳಲಿಲ್ಲ. ಅದು ನಿನಗೂ ಸೇರಿದ್ದಾಗಿತ್ತು. ಮುನಿಸಿಕೊಂಡರೆ ಮುನಿಸಿಕೋ, ನಿನ್ನ ಮಗ ಅದನ್ನು ನೋಡುತ್ತ ಬೆಳೆಯುವುದು ಮಾತ್ರ ಬೇಡ.

ಅವನ ಆಯಸ್ಸು ಗಟ್ಟಿಯಾಗಿರಲಿ, ನಿನ್ನ ಮಡಿಲು ಸದಾ ಬೆಚ್ಚಗಿರಲಿ.

ನಿನ್ನ
ಅಕ್ಕ

ತಾ.ಕ.: ಇದನ್ನು ಮೇಲೆ ಬರೆಯಲಾಗಲಿಲ್ಲ. ಹೊರಡುವಾಗ ಅಜ್ಜ, "ಹಕ್ಕಿ ಹಿಡಿದು ಕೊಡ್ತಿದ್ದೋಳು ನೀನೇ ಅಲ್ವೇನಮ್ಮ?" ಎಂದರು. ಹೌದು. ನೀನಿನ್ನೂ ಹುಟ್ಟಿರಲಿಲ್ಲ. ಚಳಿಯ ಬೆಳಗ್ಗೆ ಬ್ರೆಡ್ಡಿನ ಚೂರು ಹಿಡಿದು ಕಿಟಕಿಯಲ್ಲಿ ಕೂರುತ್ತಿದ್ದೆ. ಹಸಿದವು ನನ್ನ ಅಂಗೈಗೇ ಬರುತ್ತಿದ್ದವು. ಮೆಲ್ಲಗೆ ಮುಷ್ಟಿ ಮುಚ್ಚಿ ಅಪ್ಪನಿಗೆ ಕೊಡುತ್ತಿದ್ದೆ. ಚಿತ್ರ ಬರೆದಾದ ಮೇಲೆ ಹಾರಲು ಬಿಡುತ್ತೇನೆ ಎನ್ನುತ್ತಿದ್ದರು. ಒಂದು ಸಲವೂ ನಾನದನ್ನು ನೋಡಲಿಲ್ಲ. ತೋರಿಸು ಎಂದು ಕೇಳಲೂ ಇಲ್ಲ.