ಎರಡು ಹೇಳಿಕೆ ಸಾಲದು

ಅಪ್ಪ,

ನೀನು ಹೋದ ಮೇಲೂ ನನ್ನ ಸಿಟ್ಟು ಹೋಗಿಲ್ಲ. ಅಕ್ಕನ ಮಗಳು ಹರ್ಷಿತಾ ಇವತ್ತು ಎಂಬಿಎ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಅದರಲ್ಲಿ ಒಂದು ಬಗೆಯ ಪ್ರಶ್ನೆಯ ಕೆಳಗೆ ಎರಡು ಹೇಳಿಕೆ ಇರುತ್ತವೆ. ಉತ್ತರ ಹೇಳಲು ಅವು ಸಾಕೇ ಎಂದಷ್ಟೇ ತೀರ್ಮಾನಿಸಬೇಕು.

“ಸಾಲ್ದು ಅಂದ್ರೂ ಮಾರ್ಕ್ಸ್ ಕೊಡ್ತಾರಾ?” ಎಂದಳು ಅಕ್ಕ.

“ಸಾಲ್ದೇ ಇದ್ರೆ ಅದೇ ಸರಿ ಉತ್ರ ಕಣವ್ವ. ಊಹೆ ಮಾಡಿದ್ರೆ ಮಾರ್ಕ್ಸ್ ಕಟ್” ಎಂದಳು ಹರ್ಷಿತಾ.

“ಹಂಗಾರೆ ನಮ್ಮಪ್ಪ ಡುಮ್ಕಿ ಹೊಡೀತಿದ್ದ” ಎಂದು ಅಕ್ಕ ನಕ್ಕಳು.

ನನಗೆ ನಗು ಬರಲಿಲ್ಲ. ಅಂದು ಅಕ್ಕ ಕಾಲೇಜಿನಿಂದ ನಮ್ಮೂರು ಕೋಡಿಹಳ್ಳಿಗೆ ಬಂದಾಗ ಕತ್ತಲಾಗಿತ್ತು. ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾವನೋ ಹುಡುಗನ ಜೊತೆ ನಿಂತಿದ್ದಳೆಂದು ಯಾರೋ ಹೇಳಿದರು. ಈ ಎರಡೇ ಮಾತಿಗೆ ನೀನು ಅವಳ ಕಾಲೇಜು ಬಿಡಿಸಿದೆ. ಅವಳನ್ನೇ ಒಂದು ಮಾತು ಕೇಳಬಹುದಿತ್ತಲ್ಲ. ಬಸ್ಸು ಕೆಟ್ಟಿತ್ತೆಂದು ಹೇಳಲು ಅವಳು ಬಾಗಿಲಲ್ಲೇ ನಿಂತಿದ್ದಳು.