ಇಮೆಲ್ದಾಳಿಗಾಗಿ ಕಲಿತ ಇಂಗ್ಲಿಷ್

ಚಾಲಾತೆನಾಂಗೊ, ಎಲ್ ಸಾಲ್ವಡಾರ್
೧೮ ಆಗಸ್ಟ್ ೨೦೧೯

ಪ್ರೀತಿಯ ಕೊಮಾದ್ರೆ ಕಾಂದಿದಾ,

ನಿನ್ನ ಮಂಡಿನೋವು ಹೇಗಿದೆ? ಕಾಗದದ ಮೇಲೆ ಕಾಗದ ಬರೆದರೂ ಇವಳದು ಉತ್ತರವಿಲ್ಲವಲ್ಲ ಎಂದು ಗಡಿಯಾಚೆ ಕೂತು ಬೈದುಕೊಂಡಿರುತ್ತೀಯ. ಬೈಯಿ, ಆ ಹಕ್ಕು ನಿನಗಿದೆ. ಜ್ಞಾನಸ್ನಾನದ ದಿನ ನನ್ನ ಇಮೆಲ್ದಾಳನ್ನು ಎತ್ತಿಕೊಂಡು ನಿಂತ ಜ್ಞಾನತಾಯಿ ನೀನು, ಅದಕ್ಕೇ ನನಗೆ ಕೊಮಾದ್ರೆ. ಅವಳು ಬಂದು ಹೋದಳು. ಬರೆಯಲು ಕೈ ಏಳಲಿಲ್ಲ, ಅದಕ್ಕೇ ತಡ.

ಎಂಬತ್ತೆರಡರಲ್ಲಿ, ಯುದ್ಧದ ಆ ಮೇ ತಿಂಗಳಲ್ಲಿ ಊರಿಗೆ ಊರೇ ಕಾಡಿಗೆ ಓಡಿದಾಗ, ಹಿಂದೆ ಬಿದ್ದ ನನ್ನಮ್ಮನ ತೋಳಿನಿಂದ ಸೈನಿಕರು ಕಿತ್ತುಕೊಂಡ ನನ್ನ ಕೂಸು ಅಮೆರಿಕದಲ್ಲಿ ಶಾನನ್ ಎಂಬ ಹೆಸರಿನಲ್ಲಿ ಬೆಳೆದಿದೆ ಎಂದು, ಕಳೆದುಹೋದ ಮಕ್ಕಳನ್ನು ಹುಡುಕಿಕೊಡುವ ಸಂಘದವರು ಹೇಳಿದಾಗ, ನನಗೆ ಮೊದಲು ಬಂದದ್ದು ಸಿಟ್ಟು. ಅವಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬಾರದಂತೆ! ನಮ್ಮ ಜೋಳದ ಹೊಲದಲ್ಲಿ ಬಿದ್ದಿದ್ದ ಬಾಂಬಿನ ಚೂರುಗಳ ಮೇಲೂ ಇಂಗ್ಲಿಷೇ ಇತ್ತು, ನೀನೂ ನೋಡಿದ್ದೀಯ. ನಿರಾಶ್ರಿತರ ಶಿಬಿರದಲ್ಲಿ ಅಕ್ಷರ ಕಲಿತ ಮೇಲೆ ಸಿಕ್ಕ ಚರಿತ್ರೆಯ ಪುಸ್ತಕವನ್ನೆಲ್ಲ ಓದಿದೆ. ನಮ್ಮ ಸೈನ್ಯಕ್ಕೆ ಆ ಬಾಂಬುಗಳನ್ನು ಕೊಟ್ಟವರು ಯಾರೆಂದು ಪತ್ರಿಕೆಗಳಿಗೆ ಬರೆದೆ. ಅವರ ಭಾಷೆಯನ್ನು ಮಾತ್ರ ಬಾಯಿಗೆ ತರಲಾರೆ ಎಂದಿದ್ದೆ. ಆದರೆ ಮಗಳೊಡನೆ ಒಂದು ಮಾತನ್ನಾದರೂ ನಡುವೆ ಯಾರೂ ಇಲ್ಲದೆ ಆಡಬೇಕಲ್ಲ!

ಕಲಿಸಿದವನು ವಿಲ್ಬರ್. ಹ್ಯೂಸ್ಟನ್ನಿನ ಹೋಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದವನನ್ನು ಅಮೆರಿಕದವರು ಹಿಡಿದು ವಾಪಸು ಅಟ್ಟಿದ್ದಾರೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಪಾಠ. ಅವನಿಗೆ ಬರುವ ಇಂಗ್ಲಿಷೆಲ್ಲ ಒಲೆಯ ಮುಂದೆ ಕಲಿತದ್ದು, ಹಾಗಾಗಿ ನಮಗೂ ಊಟ ತಿಂಡಿಯಿಂದಲೇ ಶುರು.

"ಕೇಕಿನ ತುಂಡು ಅಂದ್ರೆ ಏನಮ್ಮಾ?"

"ತಿನ್ನೋದು."

"ಅಲ್ಲ. ಬಲು ಸುಲಭದ ಕೆಲಸ ಅಂತ. ಬೇಕನ್ ಮನೆಗೆ ತರೋದು ಅಂದ್ರೆ ದುಡಿದು ಸಂಸಾರ ಸಾಕೋದು. ಬೀನ್ಸ್ ಚೆಲ್ಲಿದ್ರೆ ಗುಟ್ಟು ಬಿಟ್ಟುಕೊಟ್ಟ ಹಾಗೆ."

"ನಮ್ಮನೇಲಿ ಬೀನ್ಸ್ ಚೆಲ್ಲಿದ್ರೆ ಅವತ್ತು ಉಪವಾಸ," ಎಂದಳು ನನ್ನ ಜೊತೆ ಪಾಠಕ್ಕೆ ಬರುತ್ತಿದ್ದ ಪಕ್ಕದ ಮನೆಯ ಚಯಿತಾ. "ಹೊಟ್ಟೆ ತುಂಬಿದೋರ ಭಾಷೆ ಕಣಯ್ಯಾ ಇದು!"

ಮೊಟ್ಟೆಯೊಂದಕ್ಕೇ ನಾಲ್ಕು ಹೆಸರು. ಹಳದಿ ಮೇಲೆ ಕಾಣುವಂತೆ ಬೇಯಿಸಿದರೆ ಅದು ಸೂರ್ಯನ ಮುಖ ಮೇಲಾದದ್ದಂತೆ. ಎಲ್ಲ ಬಾಯಿಪಾಠ ಮಾಡಿದೆ.

ಶಾನನ್ ದುಭಾಷಿಯ ಜೊತೆ ಬಂದಳು. ನನ್ನಮ್ಮನದೇ ಹಣೆ, ಕೊಮಾದ್ರೆ. ನಾನೊಬ್ಬಳು ಹುಚ್ಚಿ, ಪ್ಯಾನ್‌ಕೇಕು, ಚೀಸ್ ಹಾಕಿದ ಮ್ಯಾಕರೋನಿ, ಮೊಟ್ಟೆ ಎಂದು ಮೇಜು ತುಂಬಿಸಿದ್ದೆ. ನನಗೆ ಬರುವ ಮಾತೆಲ್ಲ ಅವುಗಳದ್ದೇ. ಅವು ಎದುರಿಗಿಲ್ಲದಿದ್ದರೆ ಏನು ಮಾತಾಡಲಿ? ಅವಳು ನೋಡಿ ನಕ್ಕಳು.

"ದಾರಿಯುದ್ದಕ್ಕೂ ಇಲ್ಲಿನ ಪುಪುಸಾ ರೊಟ್ಟಿ ತಿನ್ನಬೇಕು ಅಂತ ಆಸೆಪಟ್ಕೊಂಡು ಬಂದ್ರಂತೆ," ಎಂದ ದುಭಾಷಿ.

ಬಾಗಿಲಲ್ಲಿ ಇಣುಕುತ್ತಿದ್ದ ಚಯಿತಾ ಬಿಡುತ್ತಾಳೆಯೇ? "ಏ ಏರ್ಸಿ, ಮಗಳು ನಮ್ಮೋಳಾದ್ಲು, ನೀನು ಅಮೆರಿಕದ ದೊರೆಸಾನಿ ಆದೆ ನೋಡು!" ಎಂದು ಓಡಿಹೋಗಿ ತನ್ನ ಹೆಂಚಿನ ಮೇಲಿದ್ದ ಪುಪುಸಾ ಎತ್ತಿ ತಂದಳು. ಅದನ್ನೂ ತಿಂದೆವು, ಇದನ್ನೂ ತಿಂದೆವು. "ಇನ್ನಷ್ಟು ಸಿರಪ್ ಹಾಕಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. "ಹಾಕು," ಎಂದು ತಟ್ಟೆ ಮುಂದೆ ಒಡ್ಡಿದಳು. ಇಷ್ಟು ವರ್ಷಗಳ ಮೇಲೆ ನನ್ನ ಕೂಸು ನನ್ನ ಕೈಯಿಂದ ಹಾಕಿಸಿಕೊಂಡು ತಿಂದದ್ದು ಅದು.

ಹೊರಡುವಾಗ ನಿನ್ನ ವಿಳಾಸ ಬರೆದುಕೊಂಡಳು. ಡಿಸೆಂಬರಿನಲ್ಲಿ ಜ್ಞಾನತಾಯಿಯನ್ನು ನೋಡಲು ಬರುತ್ತಾಳಂತೆ.

ಮಂಡಿಗೆ ಬಿಸಿಶಾಖ ಕೊಡುವುದನ್ನು ಬಿಡಬೇಡ. ಮಾತೆ ಮರಿಯಳ ಸೆರಗು ನಿನ್ನ ಮೇಲೂ ನಿನ್ನ ಮೊಮ್ಮಕ್ಕಳ ಮೇಲೂ ಇರಲಿ.

ನಿನ್ನ
ಏರ್ಸಿಲಿಯಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ದುಭಾಷಿ ಸಿಗರೇಟು ಸೇದಲು ಅಂಗಳಕ್ಕೆ ಹೋದಾಗ ಅವಳು ನನ್ನ ಮಣಿಕಟ್ಟು ಹಿಡಿದು, ನನಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ ಕೇಳಿದಳು: "ಅವರು ನನ್ನನ್ನ ಎತ್ಕೊಂಡು ಹೋಗುವಾಗ ನೀನು ನೋಡ್ತಿದ್ದೆಯಾ? ಕೂಗಿದೆಯಾ?" ಕೂಗುವುದನ್ನು ಬಾಯಿ ತೆರೆದು ತೋರಿಸಿದಳು. ಅರ್ಥವಾಯಿತು. ನೋಡಿದ್ದೆ, ಕೂಗಿರಲಿಲ್ಲ. ಇಲ್ಲ ಎನ್ನಲು ಅವರ ಭಾಷೆಯಲ್ಲೂ ನಮ್ಮ ಸ್ಪ್ಯಾನಿಷಿನಲ್ಲೂ ಒಂದೇ ಪದ. ಹೇಳಿದೆ: "ನೋ."

ಮಿಕ್ಕದ್ದಕ್ಕೆ ನನ್ನಲ್ಲಿ ಪದವಿರಲಿಲ್ಲ. ಪೊದೆಯೊಳಗೆ ಉಸಿರು ಬಿಗಿಹಿಡಿದು ಕೂತಿದ್ದ ಊರಿನವರು, ಅಡಗಿರುವಾಗ ಯಾರೂ ಸದ್ದು ಮಾಡಕೂಡದೆಂಬ ನಮ್ಮ ಕಟ್ಟಳೆ, ನನ್ನ ಬಾಯಿ ಮುಚ್ಚಿದ್ದ ನಿನ್ನ ಅಂಗೈ. ಮೊಟ್ಟೆಗೆ ನಾಲ್ಕು ಹೆಸರು ಗೊತ್ತಿತ್ತು, ಇದಕ್ಕೆ ಒಂದೂ ಇಲ್ಲ. ದುಭಾಷಿ ಒಳಗೆ ಬಂದ. ಅವನ ಮೂಲಕ ಹೇಳಬಹುದಿತ್ತು. ಹೇಳಿದರೆ ನಿನ್ನ ಕೈಯ ಮಾತು ಬರುತ್ತಿತ್ತು. ಆ ಕೈಯಿಂದ ಎಲ್ಲರ ಜೀವ ಉಳಿಯಿತು. ನಾನೆಂದೂ ನಿನ್ನನ್ನು ದೂರಿಲ್ಲ. ದೂರಿಬಿಡುತ್ತೇನೆಂಬ ಹೆದರಿಕೆಗೇ ಇಷ್ಟು ವರ್ಷ ಆ ಮಾತೆತ್ತಲಿಲ್ಲ. ದುಭಾಷಿಯ ಮುಂದೆಯೂ ಎತ್ತಲಿಲ್ಲ. ಅವಳು ನನ್ನ ಮಣಿಕಟ್ಟು ಬಿಟ್ಟಳು. ಬಂದಾಗ ನನ್ನನ್ನು "ಮಮಾ" ಎಂದಿದ್ದಳು. ಹೋಗುವಾಗ "ಏರ್ಸಿಲಿಯಾ" ಎಂದಳು.

ಡಿಸೆಂಬರಿನಲ್ಲಿ ಅವಳು ನಿನ್ನನ್ನೂ ಕೇಳುತ್ತಾಳೆ. ನನಗಾಗಿ ಹೇಳು ಎನ್ನಲಾರೆ, ಕೊಮಾದ್ರೆ. ಹೇಳಬೇಡ ಎನ್ನಲೂ ಆಗುತ್ತಿಲ್ಲ.